ಬಣ್ಣದ ಅಣುವಿನ ಹಸಿವು

ಹಬ್ಬದ ಊಟ ಮುಗಿದು ಎಲೆ ಎತ್ತಿದ ಮೇಲೆ ಗೃಹಿಣಿಯ ಕಣ್ಣು ಮೊದಲು ಹೋಗುವುದು ಬಿಳಿಯ ಪಂಚೆಯ ಮೇಲೆ ಬಿದ್ದ ಅರಿಸಿನದ ಕಲೆಯ ಕಡೆಗೆ. ಸಾಬೂನು ಹಚ್ಚಿ ಉಜ್ಜಿದರೆ ಅದು ಹೋಗುವ ಮಾತಿರಲಿ, ಕೆಂಪಗೆ ತಿರುಗಿ ಮತ್ತಷ್ಟು ಎದ್ದು ಕಾಣುತ್ತದೆ. ಆದರೆ ಅನುಭವವುಳ್ಳ ಅಜ್ಜಿ ಇದಕ್ಕೆಲ್ಲ ಗಾಬರಿಪಡುವವಳಲ್ಲ. ಒಗೆದ ಪಂಚೆಯನ್ನು ಹಿತ್ತಿಲ ಹಗ್ಗದ ಮೇಲೆ ಬಿಸಿಲಿಗೆ ಹರವಿ ಒಳಗೆ ನಡೆಯುತ್ತಾಳೆ. ಸಂಜೆಯ ಹೊತ್ತಿಗೆ ಕಲೆ ಮಾಸಿರುತ್ತದೆ. ಇನ್ನೆರಡು ಬಿಸಿಲು ಕಂಡರೆ ಬಹುಮಟ್ಟಿಗೆ ಮಾಯವಾಗಿರುತ್ತದೆ. ಅದೇ ಹಗ್ಗದ ಮೇಲೆ, ಅದೇ ಬಿಸಿಲಿನಲ್ಲಿ, ನೀಲಿಗಿಡದ ಬಣ್ಣ ಹಾಕಿದ ಸೀರೆಯೊಂದು ಒಣಗುತ್ತಿದ್ದರೆ ಅದಕ್ಕೆ ಈ ಗತಿ ಬರುವುದಿಲ್ಲ. ಅಜ್ಜಿಯಿಂದ ಮೊಮ್ಮಗಳ ಕೈಗೆ ಬಂದರೂ ಅದರ ನೀಲಿ ನೀಲಿಯಾಗಿಯೇ ಉಳಿದಿರುತ್ತದೆ.

ಒಬ್ಬನೇ ಸೂರ್ಯ, ಒಂದೇ ಹಗ್ಗ. ಆದರೂ ಎರಡು ಬಣ್ಣಗಳ ಹಣೆಬರಹ ಎರಡು ಬಗೆ. ಹೀಗೇಕೆ ಎಂಬ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರ ಸ್ವಾರಸ್ಯವಾದುದು. ಬಣ್ಣದ ಅಣುವಿನ ಭವಿಷ್ಯವನ್ನು ನಿರ್ಧರಿಸುವುದು ಅದು ಎಷ್ಟು ಬೆಳಕನ್ನು ಉಂಡಿತು ಎಂಬುದಷ್ಟೇ ಅಲ್ಲ. ಉಂಡ ಮರುಕ್ಷಣದಲ್ಲಿ ಏನು ಮಾಡಿತು ಎಂಬುದೂ ಹೌದು. ಆ ಮರುಕ್ಷಣವಾದರೋ ಕಣ್ಣು ಮಿಟುಕಿಸುವ ಹೊತ್ತಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಿರಿದು. ಅಷ್ಟು ಕಿರಿದಾದ ಕಾಲವನ್ನು ಅಳೆಯುವ ಗಡಿಯಾರವನ್ನು ಮನುಷ್ಯ ಕಟ್ಟಿದ್ದು ಹೇಗೆ, ಅದಕ್ಕೂ ಮುಂಚೆಯೇ ಬೆಳಕನ್ನು ಉಣ್ಣುವ ಒಂದು ವಿಚಿತ್ರ ರೀತಿಯನ್ನು ಲೆಕ್ಕ ಹಾಕಿ ಬರೆದಿಟ್ಟ ತರುಣಿಯೊಬ್ಬಳು ಅದನ್ನು ಕಣ್ಣಾರೆ ಕಂಡವರ ಸುದ್ದಿಗಾಗಿ ಮೂವತ್ತು ವರ್ಷ ಕಾಯಬೇಕಾದದ್ದು ಹೇಗೆ ಎಂಬುದು ತಿಳಿಯತಕ್ಕ ಸಂಗತಿ.

ತುತ್ತಿನ ಲೆಕ್ಕ

ಅರಿಸಿನ, ನೀಲಿ, ಮಂಜಿಷ್ಠ, ಗೋರಂಟಿ ಇವೆಲ್ಲವುಗಳ ಬಣ್ಣಕ್ಕೆ ಕಾರಣವಾದವು ಸಾವಯವ ಅಣುಗಳು; ಎಂದರೆ ಇಂಗಾಲದ ಪರಮಾಣುಗಳು ಒಂದರ ಕೈ ಒಂದು ಹಿಡಿದು ಸರಪಣಿಯಾಗಿಯೋ ಉಂಗುರವಾಗಿಯೋ ನಿಂತ ಅಣುಗಳು. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ಬಂದ ಪದಾರ್ಥಗಳೊಡನೆ ಪ್ರಯೋಗ ನಡೆಸುತ್ತಿದ್ದಾಗ ಆಕಸ್ಮಿಕವಾಗಿ ನೇರಿಳೆ ಬಣ್ಣವೊಂದನ್ನು ಪಡೆದ. ಅಂದಿನಿಂದ ಇಂಥ ಅಣುಗಳನ್ನು ಮನುಷ್ಯನೂ ಕಾರ್ಖಾನೆಗಳಲ್ಲಿ ಸಾವಿರಾರು ಬಗೆಯಲ್ಲಿ ತಯಾರಿಸುತ್ತಿದ್ದಾನೆ.

ಇಂಥ ಅಣುವಿನ ಸರಪಣಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಸಡಿಲವಾಗಿ ಓಡಾಡಿಕೊಂಡಿರುತ್ತವೆ. ಅವುಗಳಿಗೆ ನಿಲ್ಲಲು ಮೆಟ್ಟಿಲುಗಳುಂಟು. ಎರಡು ಮೆಟ್ಟಿಲುಗಳ ನಡುವೆ ನಿಲ್ಲುವಂತಿಲ್ಲ. ಬೆಳಕು ಬರುವುದೂ ಧಾರೆಯಾಗಿ ಅಲ್ಲ, ಕಾಳುಕಾಳಾಗಿ. ಆ ಕಾಳಿಗೆ ಫೋಟಾನ್ ಎಂದು ಹೆಸರು. ನೇರಳೆ ಬೆಳಕಿನ ಕಾಳು ದೊಡ್ಡದು, ಕೆಂಪು ಬೆಳಕಿನದು ಚಿಕ್ಕದು. ಮೆಟ್ಟಿಲಿನ ಎತ್ತರಕ್ಕೆ ಸರಿಹೊಂದುವ ಕಾಳು ಸಿಕ್ಕಿದರೆ ಅಣು ಅದನ್ನು ನುಂಗಿ ಮೇಲೇರುತ್ತದೆ. ಸರಿಹೊಂದದಿದ್ದರೆ ಮುಟ್ಟದೆ ಬಿಟ್ಟುಬಿಡುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಣುವಿಗೆ ಸುಮಾರು 425 ನ್ಯಾನೋಮೀಟರ್ ಅಲೆಯುದ್ದದ ನೇರಳೆ ಮಿಶ್ರಿತ ನೀಲಿ ಬೆಳಕೆಂದರೆ ಬಹಳ ಇಷ್ಟ. ಅದನ್ನು ತಾನುಂಡು ಉಳಿದುದನ್ನು ನಮ್ಮ ಕಣ್ಣಿಗೆ ಬಿಡುವುದರಿಂದಲೇ ಅರಿಸಿನ ಹಳದಿಯಾಗಿ ಕಾಣುವುದು.

ಈ ಊಟಕ್ಕೂ ಒಂದು ಲೆಕ್ಕವುಂಟು. ಫ್ರಾನ್ಸಿನ ಬುಗೇ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ, ಜರ್ಮನಿಯ ಬಿಯರ್ 1852ರಲ್ಲಿ ಅದನ್ನು ಹಂತಹಂತವಾಗಿ ಗೊತ್ತುಮಾಡಿದರು. ಗಾಜಿನ ಪಾತ್ರೆಯಲ್ಲಿ ಬಣ್ಣದ ನೀರಿದೆ ಎಂದುಕೊಳ್ಳೋಣ. ಒಂದು ಅಂಗುಲ ದಪ್ಪದ ನೀರು ಬಂದ ಬೆಳಕಿನಲ್ಲಿ ಅರ್ಧವನ್ನು ಹೀರಿದರೆ, ಎರಡನೆಯ ಅಂಗುಲ ಉಳಿದುದರಲ್ಲಿ ಅರ್ಧವನ್ನು ಹೀರುತ್ತದೆ. ಕೊನೆಗೆ ಹೊರಬೀಳುವುದು ಕಾಲು ಭಾಗ. ದೀಪ ಚಿಕ್ಕದಿರಲಿ ದೊಡ್ಡದಿರಲಿ, ಹೀರುವ ಪಾಲು ಮಾತ್ರ ಬದಲಾಗದು. ಬೆಳಕು ಇಮ್ಮಡಿಯಾದರೆ ಹೀರಿದ್ದೂ ಇಮ್ಮಡಿ, ಬಿಟ್ಟದ್ದೂ ಇಮ್ಮಡಿ. ನೂರಾರು ವರ್ಷ ರಸಾಯನಶಾಲೆಗಳು ಈ ನಿಯಮವನ್ನು ನಂಬಿ ನಡೆದವು. ಹಣತೆ, ಲಾಂದ್ರ, ವಿದ್ಯುದ್ದೀಪ, ಸೂರ್ಯ ಇಷ್ಟೇ ಬೆಳಕುಗಳಾಗಿದ್ದ ಕಾಲದಲ್ಲಿ ಅದು ತಪ್ಪಲೂ ಇಲ್ಲ.

ಪಂಕ್ತಿ ತುಂಬಿದಾಗ

ಮದುವೆಯ ಮನೆಯಲ್ಲಿ ನೂರು ಎಲೆ ಹಾಕಿದ್ದಾರೆ. ಅತಿಥಿಗಳು ಒಬ್ಬೊಬ್ಬರಾಗಿ ಬಂದರೆ ಬಂದವರಿಗೆಲ್ಲ ಎಲೆ ಸಿಕ್ಕುತ್ತದೆ. ಒಂದೇ ಗಳಿಗೆಯಲ್ಲಿ ಸಾವಿರ ಮಂದಿ ನುಗ್ಗಿದರೆ? ನೂರು ಮಂದಿ ಕುಳಿತ ಮೇಲೆ ಮಿಕ್ಕವರು ಪಂಕ್ತಿಯನ್ನು ನೋಡುತ್ತ ಮುಂದೆ ಸಾಗಬೇಕಾಗುತ್ತದೆ. ಬಣ್ಣದ ದ್ರಾವಣದಲ್ಲಿಯೂ ನಡೆಯುವುದು ಇದೇ. ಇಲ್ಲಿ ಎಲೆಯೆಂದರೆ ಅಣು, ಅತಿಥಿಯೆಂದರೆ ಬೆಳಕಿನ ಕಾಳು. ಒಂದು ಕಾಳನ್ನು ನುಂಗಿ ಮೇಲಿನ ಮೆಟ್ಟಿಲಿಗೇರಿದ ಅಣು ಕೆಳಗಿಳಿಯಲು ಕೆಲವು ನ್ಯಾನೋಸೆಕೆಂಡುಗಳನ್ನು, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಭಾಗಗಳನ್ನು, ತೆಗೆದುಕೊಳ್ಳುತ್ತದೆ. ರೋಡಮೀನ್ ಎಂಬ ಕೆಂಪು ಬಣ್ಣದ ಅಣುವಿಗೆ ಸುಮಾರು ನಾಲ್ಕು ನ್ಯಾನೋಸೆಕೆಂಡು ಬೇಕು. ಅಷ್ಟರೊಳಗೆ ಕಾಳುಗಳ ಮಹಾಪೂರವೇ ಬಂದುಬಿಟ್ಟರೆ ಕೆಳಗಿನ ಮೆಟ್ಟಿಲಿನಲ್ಲಿ ಹಸಿದ ಅಣುಗಳೇ ಉಳಿದಿರುವುದಿಲ್ಲ. ಬೆಳಕು ತಡೆಯಿಲ್ಲದೆ ಹಾದುಹೋಗುತ್ತದೆ. ಮಂದ ಬೆಳಕಿಗೆ ಗೋಡೆಯಾಗಿದ್ದ ದ್ರಾವಣ ಪ್ರಖರ ಬೆಳಕಿಗೆ ತೆರೆದ ಬಾಗಿಲಾಗುತ್ತದೆ. ತುಂಬಿದ ಹೊಟ್ಟೆಯ ಈ ಗುಣಕ್ಕೆ ಪರ್ಯಾಪ್ತ ಹೀರಿಕೆ ಎಂದು ಹೆಸರಿಡಬಹುದು.

ಇದಕ್ಕೆ ತೀರ ವಿರುದ್ಧವಾದ ಸ್ವಭಾವದ ಬಣ್ಣಗಳೂ ಉಂಟು. ಮೊದಲ ತುತ್ತನ್ನು ಉಂಡ ಮೇಲೆಯೇ ಅವುಗಳ ಹಸಿವು ಕೆರಳುವುದು; ಬಕಾಸುರನ ವಂಶವೆನ್ನಬೇಕು. ಬಟ್ಟೆಗೆ ಹಾಕುವ ಕೆಲವು ಬಣ್ಣಗಳಲ್ಲಿ ಈ ಗುಣವನ್ನು 1967ರಲ್ಲಿ ಅಮೆರಿಕದ ಗಿಯುಲಿಯಾನೊ ಮತ್ತು ಹೆಸ್ ಎಂಬ ವಿಜ್ಞಾನಿಗಳು ಕಂಡರು. ಬೆಳಕು ಹೆಚ್ಚಿದಂತೆಲ್ಲ ಅವು ಇನ್ನಷ್ಟು ಕಪ್ಪಾದವು. ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಕಾಣುವ ಹಸಿರು ಛಾಯೆಯ ನೀಲಿ ಮಸಿ ಸಾಮಾನ್ಯವಾಗಿ ಥ್ಯಾಲೊಸಯನೀನ್ ಎಂಬ ಕುಲಕ್ಕೆ ಸೇರಿದ್ದು. ಆ ಕುಲದ ಹಲವು ಅಣುಗಳು ಕೂಡ ಹೀಗೆಯೇ ನಡೆದುಕೊಳ್ಳುತ್ತವೆ.

ಇದು ಬರಿಯ ಕೌತುಕವಲ್ಲ, ಕಣ್ಣಿನ ಪ್ರಶ್ನೆ. ಕಣ್ಣಿನ ಮಸೂರ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿನ ಪರದೆಯ ಮೇಲೆ ಸುಮಾರು ಒಂದು ಲಕ್ಷ ಪಟ್ಟು ಸಾಂದ್ರವಾಗಿಸಿ ಬೀಳಿಸುತ್ತದೆ. ಅತಿ ಬೆಳಕು ಬಿದ್ದಾಗ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದೇನೋ ನಿಜ. ಆದರೆ ರೆಪ್ಪೆಗೆ ಸುಮಾರು ಕಾಲು ಸೆಕೆಂಡು ಬೇಕು. ಪ್ರಯೋಗಶಾಲೆಯ ಲೇಸರಿನಿಂದ ಹೊರಟ ನ್ಯಾನೋಸೆಕೆಂಡಿನ ಮಿಂಚು ಅಷ್ಟರಲ್ಲಿ ಬಂದು ತನ್ನ ಹಾನಿಯನ್ನು ಮುಗಿಸಿಯೇ ಬಿಟ್ಟಿರುತ್ತದೆ. ಸಾಮಾನ್ಯ ಬೆಳಕಿಗೆ ತಿಳಿಯಾಗಿದ್ದು, ಅಪಾಯದ ಮಿಂಚು ಬಂದ ಗಳಿಗೆಯಲ್ಲಿಯೇ ತಾನಾಗಿ ಕಪ್ಪಾಗುವ ಕನ್ನಡಕ ದೊರೆತರೆ ಕಣ್ಣು ಉಳಿದೀತು. ಬಕಾಸುರ ವಂಶದ ಬಣ್ಣಗಳ ಮೇಲೆ ವಿಜ್ಞಾನಿಗಳಿಗೆ ಇಷ್ಟೊಂದು ಮಮತೆ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ.

ಅಟ್ಟದ ಮೇಲಿನ ಜಾಡಿ

ಇನ್ನು ಮೂರನೆಯ ಬಗೆಯ ಹಸಿವು. ಎಲ್ಲಕ್ಕಿಂತ ವಿಚಿತ್ರವಾದದ್ದು ಅದೇ.

ಅಟ್ಟದ ಮೇಲೆ ಉಪ್ಪಿನಕಾಯಿಯ ಜಾಡಿ ಇದೆ. ಏಣಿಯಿಲ್ಲ, ನಡುವೆ ಕಾಲಿಡಲು ಗೂಡೂ ಇಲ್ಲ. ಒಬ್ಬ ಹುಡುಗ ಎಷ್ಟು ನೆಗೆದರೂ ಕೈಗೆಟುಕದು. ಆದರೆ ಇನ್ನೊಬ್ಬ ಹುಡುಗ ಅದೇ ಗಳಿಗೆಯಲ್ಲಿ ಬಂದು ಹೆಗಲು ಕೊಟ್ಟರೆ ಜಾಡಿ ಕೆಳಗಿಳಿಯುತ್ತದೆ. ಹೆಗಲು ಕೊಡುವವನು ಆಮೇಲೆ ಬಂದರೆ ಪ್ರಯೋಜನವಿಲ್ಲ. ನೆಗೆದವನು ಅಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತಾನೆ. ಅಣುವಿನ ಮೆಟ್ಟಿಲನ್ನೇರಲು ಕೆಂಪು ಬೆಳಕಿನ ಒಂದು ಕಾಳು ಸಾಲದಿದ್ದಾಗ, ಎರಡು ಕಾಳುಗಳು ಒಟ್ಟಿಗೆ ಬಂದರೆ ಅಣು ಎರಡನ್ನೂ ಒಂದೇ ತುತ್ತಾಗಿ ನುಂಗಿ ಮೇಲೇರಬಹುದೆ? ಏರಬಹುದು ಎಂದು ಲೆಕ್ಕ ಹಾಕಿ ತೋರಿಸಿದವರು ಮಾರಿಯಾ ಗೋಪರ್ಟ್.

ಅವರು ಹುಟ್ಟಿದ್ದು 1906ರಲ್ಲಿ. ಬೆಳೆದದ್ದು ಜರ್ಮನಿಯ ಗಾಟಿಂಗೆನ್ ನಗರದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮಕ್ಕಳ ವೈದ್ಯದ ಪ್ರಾಧ್ಯಾಪಕರು. ಗಣಿತ ಓದಲೆಂದು ಹೋದ ಮಾರಿಯಾ, ಮ್ಯಾಕ್ಸ್ ಬಾರ್ನ್ ಅವರ ಪಾಠಕ್ಕೆ ಮನಸೋತು ಭೌತವಿಜ್ಞಾನಕ್ಕೆ ತಿರುಗಿದರು. ತಂದೆ ತೀರಿಕೊಂಡ ಮೇಲೆ ತಾಯಿ ಮನೆಯ ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಹಾಗೆ ಬಂದು ಉಳಿದವರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಜೋಸೆಫ್ ಮೇಯರ್ ಒಬ್ಬರು. 1930ರಲ್ಲಿ ಇಬ್ಬರಿಗೂ ಮದುವೆಯಾಯಿತು. ಅದೇ ವರ್ಷ ಮಾರಿಯಾ ಅವರಿಗೆ ಡಾಕ್ಟರ್ ಪದವಿಯೂ ದೊರೆಯಿತು. ಎರಡು ಕಾಳುಗಳನ್ನು ಏಕಕಾಲಕ್ಕೆ ನುಂಗುವ ಲೆಕ್ಕವೇ ಆ ಪದವಿಯ ಪ್ರಬಂಧ. 1931ರಲ್ಲಿ ಅದು ಅಚ್ಚಾಯಿತು.

ಲೆಕ್ಕ ಸರಿಯಾಗಿತ್ತು, ಆದರೆ ಅದನ್ನು ಪರೀಕ್ಷಿಸುವ ಬೆಳಕು ಮಾತ್ರ ಭೂಮಿಯ ಮೇಲಿರಲಿಲ್ಲ. ಎರಡು ಕಾಳುಗಳು ಒಂದೇ ಅಣುವಿನ ಬಳಿಗೆ ಒಂದೇ ಗಳಿಗೆಯಲ್ಲಿ ಬರುವುದು ಎಷ್ಟು ಅಪರೂಪ ಎಂಬುದಕ್ಕೆ ಒಂದು ಪ್ರಸಿದ್ಧ ಅಂದಾಜು ಉಂಟು. ಪ್ರಖರ ಬಿಸಿಲಿನಲ್ಲಿ ಒಳ್ಳೆಯ ಬಣ್ಣದ ಅಣುವೊಂದು ಹೆಚ್ಚುಕಡಿಮೆ ಸೆಕೆಂಡಿಗೊಂದು ಕಾಳನ್ನು ನುಂಗುತ್ತದೆ. ಜೋಡಿ ಕಾಳನ್ನು ನುಂಗುವುದು ಸುಮಾರು ಒಂದು ಕೋಟಿ ವರ್ಷಕ್ಕೊಮ್ಮೆ.

ಮಾರಿಯಾ ಗಂಡನ ಜೊತೆಗೆ ಅಮೆರಿಕಕ್ಕೆ ಹೋದರು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಗಂಡನಿಗೆ ಕೆಲಸವಿತ್ತು. ಹೆಂಡತಿಗೂ ಕೆಲಸ ಕೊಡುವುದು ಅಂದಿನ ನಿಯಮಕ್ಕೆ ಒಪ್ಪಿಗೆಯಾಗಲಿಲ್ಲ. ಸಂಬಳವಿಲ್ಲದೆಯೇ ಅವರು ಅಲ್ಲಿ ದುಡಿದರು. ಆಗ ಕೈಗೆತ್ತಿಕೊಂಡ ವಿಷಯಗಳಲ್ಲಿ ಒಂದು, ಸಾವಯವ ಅಣುಗಳಿಗೆ ಬಣ್ಣ ಬರುವುದು ಹೇಗೆ ಎಂಬುದು. ಮಕ್ಕಳಾದರು, ಊರುಗಳು ಬದಲಾದವು, ಮಹಾಯುದ್ಧ ಬಂದು ಹೋಯಿತು. ಕೊಲಂಬಿಯಾದಲ್ಲಿ, ಷಿಕಾಗೊದಲ್ಲಿ ಬಿಡಿಬಿಡಿಯಾದ ಕೆಲಸ, ಅರ್ಧ ಹೊತ್ತಿನ ಸಂಬಳ, ಕೆಲವೆಡೆ ಅದೂ ಇಲ್ಲ. ಪರಮಾಣುವಿನ ಬೀಜದ ರಚನೆಯ ಬಗ್ಗೆ ಅವರು ಮಾಡಿದ ಮಹತ್ಕಾರ್ಯವೆಲ್ಲ ಈ ದಿನಗಳದೇ. ಪೂರ್ಣ ಸಂಬಳದ ಪ್ರಾಧ್ಯಾಪಕ ಪದವಿ ಅವರಿಗೆ ದೊರೆತದ್ದು 1960ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ. ಆಗ ಅವರ ವಯಸ್ಸು ಐವತ್ತನಾಲ್ಕು.

ಅದೇ 1960ರ ಮೇ ತಿಂಗಳಿನಲ್ಲಿ ಅದೇ ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊತ್ತಮೊದಲ ಲೇಸರ್ ಬೆಳಕನ್ನು ಹೊರಡಿಸಿದರು. ಮರುವರ್ಷವೇ, 1961ರಲ್ಲಿ, ಬೆಲ್ ಪ್ರಯೋಗಶಾಲೆಯ ಕೈಸರ್ ಮತ್ತು ಗ್ಯಾರೆಟ್, ಯುರೋಪಿಯಂ ಬೆರೆಸಿದ ಕ್ಯಾಲ್ಸಿಯಂ ಫ್ಲೋರೈಡಿನ ಹರಳಿನೊಳಕ್ಕೆ ಮಾಣಿಕ್ಯದ ಕೆಂಪು ಬೆಳಕನ್ನು ಹಾಯಿಸಿದರು. ಹರಳು ನೀಲಿಯಾಗಿ ಬೆಳಗಿತು! ಕೆಂಪಿನ ಚಿಕ್ಕ ಕಾಳಿನಿಂದ ನೀಲಿಯ ದೊಡ್ಡ ಕಾಳು ಬರುವುದು ಸಾಧ್ಯವಿಲ್ಲ. ಎರಡು ಕೆಂಪು ಕಾಳುಗಳನ್ನು ಒಂದೇ ತುತ್ತಾಗಿ ನುಂಗಿದ್ದರೆ ಮಾತ್ರ ಸಾಧ್ಯ. ಕೆಂಪು ಬೆಳಕನ್ನು ಇಮ್ಮಡಿಗೊಳಿಸಿದರೆ ನೀಲಿ ನಾಲ್ಮಡಿಯಾಯಿತು. ಮೂವತ್ತು ವರ್ಷದ ಹಿಂದೆ ಮಾರಿಯಾ ಬರೆದಿದ್ದ ಲೆಕ್ಕವೂ ಅದನ್ನೇ ಹೇಳಿತ್ತು. 1963ರ ಹೊತ್ತಿಗೆ ಆಂಥ್ರಸೀನ್ ಎಂಬ ಸಾವಯವ ಹರಳಿನಲ್ಲಿಯೂ ಇದು ಕಂಡುಬಂದಿತು.

ಆ ವರ್ಷವೇ ಪರಮಾಣು ಬೀಜದ ಕೆಲಸಕ್ಕಾಗಿ ಮಾರಿಯಾ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಭೌತವಿಜ್ಞಾನದಲ್ಲಿ 1903ರ ಮೇರಿ ಕ್ಯೂರಿಯ ಅನಂತರ ಆ ಗೌರವ ಪಡೆದ ಎರಡನೆಯ ಮಹಿಳೆ ಅವರು. ಸ್ಥಳೀಯ ಪತ್ರಿಕೆಯೊಂದು ಸ್ಯಾನ್ ಡಿಯಾಗೊದ ತಾಯಿಯೊಬ್ಬರಿಗೆ ನೊಬೆಲ್ ದೊರೆಯಿತೆಂಬ ಅರ್ಥದ ತಲೆಬರಹ ಹಾಕಿತು. ತಾಯಿಯೆಂಬುದೂ ಸುಳ್ಳಲ್ಲ; ಆದರೆ ಮೂವತ್ತು ವರ್ಷ ಸಂಬಳವಿಲ್ಲದೆಯೋ ಅರೆಸಂಬಳಕ್ಕೋ ಬಹುಪಾಲು ದುಡಿದ ವಿಜ್ಞಾನಿ ಎಂಬುದು ಆ ತಲೆಬರಹದಲ್ಲಿ ಹಿಡಿಸಲಿಲ್ಲ.

ಕ್ಷಣಕ್ಕಿಂತ ಕಿರಿದಾದ ಕ್ಷಣ

ನುಂಗಿದ ಬಗೆ ಗೊತ್ತಾಯಿತು. ನುಂಗಿದ ಮೇಲೆ ಅಣು ಏನು ಮಾಡುತ್ತದೆ? ಅದನ್ನು ನೋಡಬೇಕಾದರೆ ಫೆಮ್ಟೊಸೆಕೆಂಡುಗಳ ಲೋಕಕ್ಕೆ ಇಳಿಯಬೇಕು. ಒಂದು ಫೆಮ್ಟೊಸೆಕೆಂಡಿಗೂ ಒಂದು ಸೆಕೆಂಡಿಗೂ ಇರುವ ಅಂತರ, ಒಂದು ಸೆಕೆಂಡಿಗೂ ಸುಮಾರು ಮೂರು ಕೋಟಿ ಹದಿನೇಳು ಲಕ್ಷ ವರ್ಷಗಳಿಗೂ ಇರುವ ಅಂತರ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಒಂದು ಫೆಮ್ಟೊಸೆಕೆಂಡಿನಲ್ಲಿ ಸಾಗುವ ದೂರ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಆಗುವುದಿಲ್ಲ.

ಈ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ನಾರಿಷ್ ಮತ್ತು ಅವರ ಶಿಷ್ಯ ಜಾರ್ಜ್ ಪೋರ್ಟರ್. ಯುದ್ಧಕಾಲದಲ್ಲಿ ನೌಕಾಪಡೆಯ ರಾಡಾರ್ ಅಧಿಕಾರಿಯಾಗಿದ್ದ ಪೋರ್ಟರ್‌ಗೆ ಸ್ಪಂದನಗಳ ವಿದ್ಯೆ ಚೆನ್ನಾಗಿ ಗೊತ್ತಿತ್ತು. 1949ರ ಸುಮಾರಿಗೆ ಗುರುಶಿಷ್ಯರಿಬ್ಬರೂ ಒಂದು ಮಿಂಚಿನಿಂದ ಅಣುಗಳನ್ನು ಕೆಣಕಿ, ಮತ್ತೊಂದು ಮಿಂಚಿನಿಂದ ಅವುಗಳ ಸ್ಥಿತಿಯನ್ನು ವಿಚಾರಿಸುವ ಉಪಾಯ ಹೂಡಿದರು. ಅವರ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ದೀರ್ಘವಾಗಿತ್ತು. ಆದರೆ ಉಪಾಯ ಮಾತ್ರ ಚಿರಂತನವಾದುದು. 1967ರಲ್ಲಿ ಅವರಿಗೆ ನೊಬೆಲ್ ಗೌರವ ತಂದಿತು.

ಮಿಂಚನ್ನು ಮತ್ತಷ್ಟು ಕಿರಿದುಗೊಳಿಸಲು ನೆರವಾದದ್ದು ಯಾರೆಂದು ಬಲ್ಲಿರಾ? ಬಣ್ಣದ ಅಣುಗಳೇ! 1966ರಲ್ಲಿ ಅಮೆರಿಕದ ಸೊರೊಕಿನ್ ಮತ್ತು ಲ್ಯಾಂಕಾರ್ಡ್, ಜರ್ಮನಿಯ ಮಾರ್ಬುರ್ಗಿನಲ್ಲಿ ಫ್ರಿಟ್ಸ್ ಶೇಫರ್, ಬೇರೆಬೇರೆಯಾಗಿ ಬಣ್ಣದ ದ್ರಾವಣದಿಂದಲೇ ಲೇಸರ್ ಬೆಳಕನ್ನು ಪಡೆದರು. ಪಂಕ್ತಿ ತುಂಬಿದ ಬಣ್ಣದ ಗುಣ ಇಲ್ಲಿ ಜರಡಿಯಂತೆ ಉಪಯೋಗಕ್ಕೆ ಬಂದಿತು. ಲೇಸರಿನ ಕನ್ನಡಿಗಳ ನಡುವೆ ಅಂಥ ಬಣ್ಣವನ್ನಿಟ್ಟರೆ, ಮಂದ ಬೆಳಕನ್ನು ಅದು ಹೀರಿಬಿಡುತ್ತದೆ. ಪ್ರಖರವಾದ ತುದಿಯನ್ನು ಮಾತ್ರ ದಾಟಲು ಬಿಡುತ್ತದೆ. ಸುತ್ತು ಸುತ್ತಿಗೂ ಮಿಂಚಿನ ಅಂಚು ಸವೆದು ಸವೆದು ಸೂಜಿಯಾಗುತ್ತದೆ. 1981ರಲ್ಲಿ ಬೆಲ್ ಪ್ರಯೋಗಶಾಲೆಯ ಫೋರ್ಕ್, ಗ್ರೀನ್ ಮತ್ತು ಶ್ಯಾಂಕ್ ಒಂದು ಬಣ್ಣವನ್ನು ದೀಪವಾಗಿಯೂ ಮತ್ತೊಂದನ್ನು ಜರಡಿಯಾಗಿಯೂ ಬಳಸಿ ನೂರು ಫೆಮ್ಟೊಸೆಕೆಂಡಿಗಿಂತ ಕಿರಿದಾದ ಮಿಂಚನ್ನು ಹೊರಡಿಸಿದರು. 1987ರಲ್ಲಿ ಆರು ಫೆಮ್ಟೊಸೆಕೆಂಡಿನವರೆಗೂ ಇಳಿದರು. ಬಣ್ಣದ ಅಣುವನ್ನು ಅಳೆಯುವ ಗಡಿಯಾರವನ್ನು ಬಣ್ಣದ ಅಣುವೇ ಮಾಡಿಕೊಟ್ಟಿತು.

ಆದರೂ ಎರಡು ಮಿಂಚುಗಳ ನಡುವೆ ಅಷ್ಟು ಕಿರಿದಾದ ಬಿಡುವನ್ನು ಇಡುವುದು ಹೇಗೆ? ಯಾವ ಯಂತ್ರದ ಗಡಿಯಾರಕ್ಕೂ ಅದು ಸಾಧ್ಯವಿಲ್ಲ. ಇದಕ್ಕೆ ಕಂಡ ಉಪಾಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಒಂದೇ ಮಿಂಚನ್ನು ಎರಡಾಗಿ ಸೀಳಿ, ಎರಡನೆಯದನ್ನು ಕೊಂಚ ಸುತ್ತಿನ ದಾರಿಯಲ್ಲಿ ಕಳುಹಿಸುವುದು. ಕನ್ನಡಿಯನ್ನು ಒಂದು ಮೈಕ್ರೋಮೀಟರಿನಷ್ಟು ಹಿಂದಕ್ಕೆ ಸರಿಸಿದರೆ ಹೋಗಿಬರುವ ದಾರಿ ಎರಡು ಮೈಕ್ರೋಮೀಟರ್ ಹೆಚ್ಚಾಗಿ, ಮಿಂಚು ಸುಮಾರು ಏಳು ಫೆಮ್ಟೊಸೆಕೆಂಡು ತಡವಾಗಿ ಬರುತ್ತದೆ. ಮೊದಲ ಮಿಂಚು ಅಣುವನ್ನು ಎಬ್ಬಿಸುತ್ತದೆ. ಎರಡನೆಯದು ಎದ್ದವನು ಏನು ಮಾಡುತ್ತಿದ್ದಾನೆಂದು ನೋಡಿ ಬರುತ್ತದೆ. ಹೀಗೆ ಅಣುಗಳ ಬಂಧ ಮುರಿಯುವುದನ್ನೂ ಕೂಡುವುದನ್ನೂ ನಡೆಯುತ್ತಿರುವಾಗಲೇ ಕಂಡ ಈಜಿಪ್ಟ್ ಮೂಲದ ಅಹಮದ್ ಜ್ವೇಲ್ ಅವರಿಗೆ 1999ರಲ್ಲಿ ರಸಾಯನವಿಜ್ಞಾನದ ನೊಬೆಲ್ ದೊರೆಯಿತು.

ನೀಲಿಯ ರಹಸ್ಯ ಬಯಲಾದದ್ದೂ ಇಂಥ ಅಳತೆಗಳಿಂದ. ಬೆಳಕನ್ನುಂಡ ನೀಲಿಯ ಅಣು ಮೇಲಿನ ಮೆಟ್ಟಿಲಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ನೂರು ನೂರೈವತ್ತು ಪಿಕೋಸೆಕೆಂಡುಗಳೊಳಗೆ, ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಅಷ್ಟು ಪಾಲು ಕಳೆಯುವುದರೊಳಗೆ, ಉಂಡುದನ್ನೆಲ್ಲ ಬಿಸಿಯಾಗಿಸಿ ಹೊರಕ್ಕೆ ಕೊಟ್ಟು ತಣ್ಣಗೆ ಕೆಳಗಿಳಿಯುತ್ತದೆ. ಗಾಳಿಯ ಆಮ್ಲಜನಕಕ್ಕಾಗಲಿ ಬೇರೆ ಯಾವ ಶತ್ರುವಿಗಾಗಲಿ ಅದರ ಮೈಮುಟ್ಟಲು ಸಮಯವೇ ಸಿಗುವುದಿಲ್ಲ. ಅರಿಸಿನದ ಅಣುವೂ ಚುರುಕಿನದೇ. ಆದರೆ ಅದರ ನಡುವಿನ ಸರಪಣಿ ನಾಜೂಕಾದುದು. ಅಗಣಿತ ಬಾರಿ ಬೆಳಕನ್ನುಂಡು ಇಳಿದು ಮಾಡುವಾಗ ಯಾವುದೋ ಒಂದು ಸಲ ಆ ಸರಪಣಿ ತುಂಡಾಗುತ್ತದೆ. ತುಂಡುಗಳಿಗೆ ಹಳದಿ ಬಣ್ಣವಿಲ್ಲ. ಐಸ್ಕ್ರೀಮಿಗೆ ಪರಿಮಳ ಕೊಡುವ ವ್ಯಾನಿಲಿನ್ ಆ ತುಂಡುಗಳಲ್ಲಿ ಒಂದೆಂದರೆ ಅಜ್ಜಿಗೆ ಆಶ್ಚರ್ಯವಾದೀತು!

ಕಣ್ಣೊಳಗಿನ ಬಣ್ಣ

ಇಂಥ ಬಣ್ಣದ ಅಣುವೊಂದು ಪ್ರತಿಯೊಬ್ಬರ ಕಣ್ಣಿನಲ್ಲಿಯೂ ಇದೆ. ಗಜ್ಜರಿಯಂಥ ತರಕಾರಿಗಳಿಂದ ದೇಹಕ್ಕೆ ಒದಗುವ ಎ ಜೀವಸತ್ವದಿಂದ ಹುಟ್ಟುವ ಅದಕ್ಕೆ ರೆಟಿನಾಲ್ ಎಂದು ಹೆಸರು. ಬಾಗಿಕೊಂಡು ಕುಳಿತಿರುವ ಆ ಅಣು ಬೆಳಕಿನ ಒಂದು ಕಾಳು ತಗುಲಿದೊಡನೆ ನೆಟ್ಟಗಾಗುತ್ತದೆ. ದೃಷ್ಟಿಯೆಂಬ ಇಡೀ ವ್ಯಾಪಾರಕ್ಕೆ ಅದೇ ನಾಂದಿ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ನೆಟ್ಟಗಾಗುವಿಕೆ ಕೇವಲ ಇನ್ನೂರು ಫೆಮ್ಟೊಸೆಕೆಂಡುಗಳಲ್ಲಿ ಮುಗಿಯುತ್ತದೆಂದು ಅಳೆದು ತೋರಿಸಿದರು. ಅಷ್ಟು ಚುರುಕಾಗಿರುವುದರಿಂದಲೇ ನುಂಗಿದ ಬೆಳಕಿನ ಸುಮಾರು ಮೂರರಲ್ಲಿ ಎರಡು ಕಾಳು ವ್ಯರ್ಥವಾಗದೆ ನೋಟವಾಗಿ ಫಲಿಸುತ್ತದೆ.

ಇನ್ನೂ ಅಚ್ಚರಿಯ ಮಾತೆಂದರೆ, ಜೋಡಿ ಕಾಳನ್ನು ನುಂಗುವ ವಿದ್ಯೆ ಕಣ್ಣಿಗೂ ಗೊತ್ತಿದೆ. ಸಾವಿರ ನ್ಯಾನೋಮೀಟರ್ ಅಲೆಯುದ್ದದ ಅವಕೆಂಪು ಬೆಳಕು ಮನುಷ್ಯನಿಗೆ ಕಾಣುವುದಿಲ್ಲವೆಂಬುದು ಪಾಠದ ಮಾತು. ಆದರೆ ಅತಿ ಕಿರಿದಾದ ಮಿಂಚುಗಳ ರೂಪದಲ್ಲಿ ಅದನ್ನು ಕಣ್ಣಿಗೆ ಬಿಟ್ಟಾಗ ಜನರಿಗೆ ಅದು ಹಸಿರಾಗಿ ಕಾಣುತ್ತದೆ. ರೆಟಿನಾಲ್ ಎರಡು ಅವಕೆಂಪು ಕಾಳುಗಳನ್ನು ಒಂದೇ ತುತ್ತಾಗಿ ನುಂಗುವುದೇ ಇದಕ್ಕೆ ಕಾರಣವೆಂದು 2014ರಲ್ಲಿ ಪ್ರ‌ಕಟವಾದ ಸಂಶೋಧನೆ ತೋರಿಸಿತು.

ಕಾಯಿಲೆಯ ಅರಿವಿಗೂ ಈ ಜೋಡಿ ತುತ್ತು ನೆರವಾಗಿದೆ. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್ ಇದನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು. ಎರಡು ಕಾಳುಗಳು ಸೇರುವಷ್ಟು ದಟ್ಟಣೆ ಮಸೂರದ ನಾಭಿಯಲ್ಲಿ ಮಾತ್ರ ಇರುವುದರಿಂದ ಆ ಒಂದು ಚುಕ್ಕೆಯ ಬಣ್ಣವಷ್ಟೇ ಬೆಳಗುತ್ತದೆ, ಸುತ್ತಲಿನದು ಕತ್ತಲೆಯಲ್ಲಿರುತ್ತದೆ. ಅವಕೆಂಪು ಬೆಳಕು ಮಾಂಸದೊಳಕ್ಕೆ ಆಳವಾಗಿ ಇಳಿಯಬಲ್ಲುದರಿಂದ, ಜೀವಂತ ಇಲಿಯ ಮಿದುಳಿನಲ್ಲಿ ನರಕೋಶಗಳು ಕೆಲಸ ಮಾಡುವುದನ್ನು ಕುಯ್ದು ನೋಡದೆಯೇ ಕಾಣುವುದು ಸಾಧ್ಯವಾಯಿತು.

ಬಣ್ಣಗಳ ಹಸಿವನ್ನು ಅಳೆಯಲು ಬೃಹದ್ಯಂತ್ರಗಳೇ ಬೇಕೆಂದಿಲ್ಲ. ಅಮೆರಿಕದ ಷೇಖ್-ಬಹಾಯಿ, ವಾನ್ ಸ್ಟ್ರೈಲ್ಯಾಂಡ್ ಮತ್ತು ಅವರ ಸಂಗಡಿಗರು 1989-90ರಲ್ಲಿ ಝಡ್-ಸ್ಕ್ಯಾನ್ ಎಂಬ ಕ್ರಮವನ್ನು ಪ್ರಕಟಿಸಿದರು. ಬಣ್ಣದ ದ್ರಾವಣವನ್ನು ಲೇಸರ್ ಕಿರಣದ ನಾಭಿಯತ್ತ ಮೆಲ್ಲನೆ ಸರಿಸಿ, ದಾಟಿಸಿ, ಹೊರಬೀಳುವ ಬೆಳಕನ್ನು ಅಳೆಯುತ್ತ ಹೋಗುವುದಷ್ಟೇ ಕೆಲಸ. ನಾಭಿಯ ಬಳಿ ಬೆಳಕು ಹೆಚ್ಚಿದರೆ ಅದು ಹೊಟ್ಟೆ ತುಂಬಿದ ಬಣ್ಣ. ತಗ್ಗಿದರೆ ಬಕಾಸುರ ವಂಶದ್ದು, ಇಲ್ಲವೇ ಜೋಡಿ ತುತ್ತಿನದು. 1948ರಲ್ಲಿ ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿಯೂ ಇಂಥ ಅಳತೆಗಳು ನಡೆದಿವೆ. ಹೂಗಳ ಬಣ್ಣವನ್ನೂ ಕಣ್ಣಿನ ನೋಟವನ್ನೂ ಕುರಿತು ಕೊನೆಯವರೆಗೂ ಚಿಂತಿಸಿದ ರಾಮನ್ ಅವರ ಅಂಗಳಕ್ಕೆ ಇದು ತಕ್ಕ ಕೆಲಸವೇ ಸರಿ.

ಮಾರಿಯಾ 1972ರಲ್ಲಿ ತೀರಿಕೊಂಡರು. ಭೌತವಿಜ್ಞಾನದ ನೊಬೆಲ್ ಮತ್ತೊಬ್ಬ ಮಹಿಳೆಗೆ ದೊರೆಯಲು 2018ರವರೆಗೆ ಕಾಯಬೇಕಾಯಿತು. ಅತಿ ಕಿರಿದಾದ ಮಿಂಚಿಗೆ ಅತಿ ಹೆಚ್ಚಿನ ಬಲ ತುಂಬುವ ಮಾರ್ಗವನ್ನು 1985ರಲ್ಲಿ ತಮ್ಮ ಗುರು ಮೂರೂ ಅವರೊಡನೆ ಕಂಡುಹಿಡಿದ ಕೆನಡಾದ ಡಾನಾ ಸ್ಟ್ರಿಕ್ಲೆಂಡ್ ಆ ಮೂರನೆಯ ಮಹಿಳೆ. ನೊಬೆಲ್ ಉಪನ್ಯಾಸದಲ್ಲಿ ಆಕೆ ಮಾರಿಯಾ ಅವರ ಹಳೆಯ ಲೆಕ್ಕವನ್ನು ನೆನೆದರು.

ಇಂದು ಯಾವ ದೇಶದ ಪ್ರಯೋಗಶಾಲೆಯಲ್ಲಾಗಲಿ ಬಣ್ಣದ ಅಣುವಿನ ಜೋಡಿ ತುತ್ತಿನ ಶಕ್ತಿಯನ್ನು ಅಳೆದು ಬರೆಯುವವರು ಅಂಕಿಯ ಮುಂದೆ ‘ಜಿಎಂ’ ಎಂದು ನಮೂದಿಸುತ್ತಾರೆ. ಗೋಪರ್ಟ್ ಮೇಯರ್ ಎಂಬುದರ ಮೊದಲಕ್ಷರಗಳು ಅವು. ಆ ಅಳತೆ ಎಷ್ಟು ಕಿರಿದೆಂದರೆ, ಸೊನ್ನೆಯ ಮುಂದೆ ಚುಕ್ಕೆಯಿಟ್ಟು, ನಲವತ್ತೊಂಬತ್ತು ಸೊನ್ನೆ ಬರೆದು, ಆಮೇಲೆ ಒಂದನ್ನು ಬರೆಯಬೇಕು. ಸಂಬಳದ ಪಟ್ಟಿಯಲ್ಲಿ ಬಹುಕಾಲ ಕಾಣದಿದ್ದ ಹೆಸರು ಹೀಗೆ ವಿಜ್ಞಾನದ ಮಾನದಂಡಗಳ ಪಟ್ಟಿಯಲ್ಲಿ ಶಾಶ್ವತವಾಗಿ ನಿಂತಿದೆ.

ಹಿತ್ತಿಲಿನಲ್ಲಿ ಬಿಸಿಲು ಇಳಿಯುತ್ತಿದೆ. ಅಜ್ಜಿ ಪಂಚೆಯನ್ನು ಹಗ್ಗದಿಂದೆಳೆದು ಕಲೆಯಿದ್ದ ಜಾಗವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಹಳದಿಯ ಒಂದು ಮಂದ ನೆರಳಷ್ಟೇ ಉಳಿದಿದೆ. ನಾಳೆಯ ಬಿಸಿಲಿಗೆ ಅದೂ ಹೋದೀತು ಎಂದು ಮಡಿಸಿ ಇಡುತ್ತಾಳೆ.